ರೋಗದ ಚೀಟಿ

ಉಪ್ಪಾರಹಳ್ಳಿ, ತುಮಕೂರು
11 ನವೆಂಬರ್ 2024

ಅಸ್ಫಿಯಾ,

ಕವರಿನ ಮೇಲಿನ ಅಕ್ಷರ ನೋಡಿಯೇ ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವ ಮೊದಲು ಎರಡನೇ ಪುಟದವರೆಗಾದರೂ ಓದು. ಆರು ವರ್ಷದಿಂದ ನನ್ನ ನಂಬರ್ ಬ್ಲಾಕ್ ಮಾಡಿಟ್ಟಿದ್ದೀಯ, ಅದು ನಿನ್ನ ಹಕ್ಕು. ಆದರೆ ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ದಾರಿ ಇನ್ನೂ ಯಾರೂ ಕಂಡುಹಿಡಿದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನೀನು ಕುಣಿಗಲ್ಲಿನಲ್ಲಿ ನಿಮ್ಮ ಮಾವನ ಗ್ಯಾರೇಜಿನಲ್ಲೇ ಇದ್ದೀಯಂತೆ, ಗಾಡಿಗೆ ಸ್ಕ್ಯಾನರ್ ಹಾಕಿ ಅದರ ಕಾಯಿಲೆ ಹೇಳುತ್ತೀಯಂತೆ. ನಮ್ಮ ಕ್ಲಾಸಿನ ಶಶಿಕಲಾ ಹೇಳಿದಳು.

ನನಗೆ ಎಂಟು ತಿಂಗಳ ಮಗಳಿದ್ದಾಳೆ. ಚಳಿ ಶುರುವಾದಾಗಿನಿಂದ ಅವಳಿಗೆ ವೀಜಿಂಗ್, ಉಬ್ಬಸ. ಎರಡು ಸಲ ಇದ್ದಕ್ಕಿದ್ದಂತೆ ಆಸ್ಪತ್ರೆಗೆ ಓಡಬೇಕಾಯಿತು. ಎರಡು ಸಲವೂ ಬೈಕಿನಲ್ಲಿ, ಮಗುವನ್ನು ಶಾಲಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು. ಈಗ ಅವಳು ಮಲಗಿದರೂ ನಾನು ಮಲಗುವುದಿಲ್ಲ, ಅವಳ ಉಸಿರು ಎಣಿಸುತ್ತಿರುತ್ತೇನೆ. ನಿನ್ನೆ ಹಾಲಿನ ಪ್ಯಾಕೆಟ್ಟನ್ನು ಬೀರುವಿನಲ್ಲಿಟ್ಟು, ಬೀರುವಿನ ಕೀಯನ್ನು ಫ್ರಿಜ್ಜಿನಲ್ಲಿ ಹುಡುಕುತ್ತಿದ್ದೆ. ಅಂತೂ ಕಾರು ಕೊಳ್ಳೋಣ ಎಂದು ತೀರ್ಮಾನವಾಯಿತು. ನನ್ನದು ಒಂದೇ ಷರತ್ತು: ಯಾವ ಹೊತ್ತಿನಲ್ಲಿ ಕೀ ತಿರುಗಿಸಿದರೂ ಸ್ಟಾರ್ಟ್ ಆಗಬೇಕು. ಬಣ್ಣ ಹಸಿರಾದರೂ ಸರಿ.

ನಮ್ಮ ಮನೆಯವರು, ಚನ್ನೇಶ್, ಗುಬ್ಬಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದಾರೆ. ಭಾನುವಾರ ಹೊಸ ಸಣ್ಣ ಕಾರು ಬುಕ್ ಮಾಡುತ್ತೇನೆಂದು ಹೋದವರು ಹನ್ನೆರಡು ವರ್ಷ ಹಳೆಯ ವಿದೇಶಿ ಗಾಡಿಯೊಂದರ ಫೋಟೊ ಹಿಡಿದು ಬಂದರು. ಬೆಟ್ಟ ಹತ್ತುವ, ಹೊಳೆ ದಾಟುವ ಜಾತಿಯದು. ಗುಬ್ಬಿಯ ಕಂಟ್ರಾಕ್ಟರ್ ಅನಂತರಾಜು ಎಂಬುವರದು.

"ಹೊಸದ್ರಲ್ಲಿ ಎಂಬತ್ತು ಲಕ್ಷ ಕಣೇ! ಈಗ ಹನ್ನೊಂದಕ್ಕೆ ಕೊಡ್ತವ್ರೆ! ಸಣ್ಣ ಕಾರಿನ ದುಡ್ಡಿಗೆ ಆನೆ ಬತ್ತಾ ಇದೆ!"

"ಇಲ್ಲಿಂದ ಆಸ್ಪತ್ರೆಗೆ ಹೋಗೋಕೆ ಯಾವ್ ಹೊಳೆ ದಾಟ್ಬೇಕ್ರೀ?"

"ಸೇಫ್ಟಿ ಕಣೇ. ಪಾಪುಗೋಸ್ಕರ."

ಮಗುವಿನ ಹೆಸರು ಹಿಡಿದ ಮೇಲೆ ನಿನಗೆ ಬರೆಯಲು ಕೂತೆ. ನಮ್ಮ ಹತ್ತಿರ ಇರುವುದು ಅಷ್ಟೇ ದುಡ್ಡು ಅಸ್ಫಿಯಾ, ಒಂದೇ ಸಲ ತಪ್ಪು ಮಾಡಬಹುದು. ಈ ಗಾಡಿ ಕೊಳ್ಳಬಹುದಾ? ಹೂಂ ಅಥವಾ ಉಹೂಂ, ಒಂದು ಕಾರ್ಡಿನಲ್ಲಿ ಬರೆದರೂ ಸಾಕು.

ನಿದ್ದೆಗೆಟ್ಟ,
ಮಾಲಿನಿ

ಆ ಸ್ಕೂಟರಿನ ವಿಷಯ ಇನ್ನೊಂದು ಸಲ ಬರೆಯುತ್ತೇನೆ.

*

ಕುಣಿಗಲ್
19 ನವೆಂಬರ್ 2024

ಮಾಲಿನಿ,

ಎರಡನೇ ಪುಟದವರೆಗೆ ಓದಿದೆ. ಮಗು ಹುಷಾರಾಗಿರಲಿ.

ನಂಬರ್ ಬ್ಲಾಕಿನಲ್ಲೇ ಇರುತ್ತದೆ. ಕಾಗದದಲ್ಲೇ ಬರೆ. "ನಾನ್ ಹಂಗಂದೇ ಇಲ್ಲ" ಎನ್ನುವ ಅಭ್ಯಾಸ ನಿನಗಿದೆ, ಕಾಗದದಲ್ಲಿದ್ದರೆ ಅದು ನಡೆಯುವುದಿಲ್ಲ.

ನಮ್ಮ ಮಾವ ಹಬೀಬ್ ಸಾಬ್ ನಲವತ್ತು ವರ್ಷದಿಂದ ಗಾಡಿ ಬಿಚ್ಚುತ್ತಿರುವವರು. ಅವರಿಗೆ ಕಿವಿ, ನನಗೆ ಸ್ಕ್ಯಾನರ್. ನಿನ್ನ ಕಾಗದ ಓದಿ ಹೇಳಿದಾಗ ಸ್ಪ್ಯಾನರ್ ಕೆಳಗಿಟ್ಟು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಗಾಡಿ ಹಳೇದಾದ್ರೆ ಗಾಡಿ ರೇಟ್ ಇಳೀತದೆ. ಸಾಮಾನ್ ರೇಟ್ ಇಳೀತದಾ? ಹನ್ನೊಂದು ಲಕ್ಷಕ್ಕೆ ತಗೊಂಡ್ರೂ ರಿಪೇರಿಗೆ ಬಂದಾಗ ಅದು ಎಂಬತ್ತು ಲಕ್ಷದ ಗಾಡೀನೇ ಅಲ್ವಾ ತಾಯಿ?"

ಸರ್ವಿಸ್ ಎಲ್ಲಿ ಮಾಡಿಸಿದ್ದಾರೆ, ಬಿಲ್ಲು ಇದೆಯಾ ಕೇಳು. ಇನ್ನೊಂದು ಮಾತು. ನಮ್ಮ ಗ್ಯಾರೇಜಿನ ಮೂಲಕ ಹಳೇ ಗಾಡಿ ಕೈ ಬದಲಾಗಬೇಕಾದರೆ, ಮಾರುವವರು ಅದರ ದೋಷಗಳನ್ನೆಲ್ಲ ತಮ್ಮ ಕೈಯಾರೆ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ಮಾವ ಅದನ್ನು ರೋಗದ ಚೀಟಿ ಎನ್ನುತ್ತಾರೆ. ಟ್ರ್ಯಾಕ್ಟರಿಗೂ ಅದೇ, ಮೊಪೆಡ್ಡಿಗೂ ಅದೇ. ದೋಷ ಇರುವುದು ತಪ್ಪಲ್ಲ, ಬರೆಯದಿರುವುದು ತಪ್ಪು. ಅನಂತರಾಜು ಅವರಿಂದ ಒಂದು ರೋಗದ ಚೀಟಿ ಬರೆಸಿಕೋ.

ಅಸ್ಫಿಯಾ

ಸ್ಕೂಟರಿನ ವಿಷಯಕ್ಕೆ ನೀನು "ಇನ್ನೊಂದು ಸಲ" ಎನ್ನುತ್ತಿರುವುದು ಇದು ಎಷ್ಟನೇ ಸಲ?

*

ಉಪ್ಪಾರಹಳ್ಳಿ
2 ಡಿಸೆಂಬರ್ 2024

ಅಸ್ಫಿಯಾ,

ನಿನ್ನೆ ನಿಟ್ಟೂರಿನವರೆಗೆ ಟೆಸ್ಟ್ ಡ್ರೈವ್ ಹೋಗಿ ಬಂದೆವು. ನಮ್ಮ ಅತ್ತೆ ಸರ್ವಮಂಗಳಮ್ಮನವರೂ ಬಂದರು. ಹತ್ತಿಸುವುದಕ್ಕೆ ಅಡಿಗೆಮನೆಯ ಸ್ಟೂಲು ಒಯ್ದಿದ್ದೆವು. ಒಳಗೆ ಎರಡು ಸೀಟಿನ ನಡುವೆ ಪುಟ್ಟ ಫ್ರಿಜ್ ಇದೆ. ಅತ್ತೆ ಅದರಲ್ಲಿ ಮಜ್ಜಿಗೆ ಚೊಂಬು ಇಟ್ಟರು, ನಿಟ್ಟೂರು ತಲುಪುವ ಹೊತ್ತಿಗೆ ಮಜ್ಜಿಗೆ ತಣ್ಣಗಾಗಿತ್ತು. ಅಲ್ಲಿಗೆ ಒಂದು ಓಟು ಹೋಯಿತು.

ನಾನು ಅನಂತರಾಜು ಅವರ ಪಕ್ಕದಲ್ಲಿ ನಿಂತು ಒಂದೊಂದಾಗಿ ಕೇಳಿದೆ.

"ಸರ್ವಿಸ್ ರೆಕಾರ್ಡ್ ಇದ್ಯಾ ಸರ್?"

"ಅಕ್ಕ, ನನ್ ಮಾತೇ ರೆಕಾರ್ಡು."

"ಆ ಹಳದಿ ಲೈಟ್ ಯಾಕೆ ಉರೀತಿದೆ?"

"ಅದು ಡಿಸೈನು ಅಕ್ಕ."

"ಹಂಪ್ ಹಾರಿಸ್ದಾಗ ಕಟಕ್ ಅಂತಲ್ಲ?"

"ಫಾರಿನ್ ಗಾಡಿ. ನಮ್ ರೋಡ್ ನೋಡಿ ಬೇಜಾರ್ ಮಾಡ್ಕತದೆ. ಚಿನ್ನದಂಥಾ ಗಾಡಿ ಅಕ್ಕ, ಕಣ್ಮುಚ್ಕೊಂಡ್ ತಗೊಳಿ."

ಚಿನ್ನದಂಥ ಗಾಡಿ ಎಂದಾಗ ನನ್ನ ಕಿವಿ ಯಾಕೋ ಬಿಸಿಯಾಯಿತು. ರೋಗದ ಚೀಟಿ ಕೇಳಿದ್ದಕ್ಕೆ ಅವರು ನನ್ನನ್ನು ಬಿಟ್ಟು ಇವರ ಕಡೆ ತಿರುಗಿ, "ಚನ್ನೇಶಣ್ಣ, ಮನೇಲಿ ಅಕ್ಕಂಗೆ ನಿದ್ದೆ ಸಾಲ್ತಿಲ್ಲ ಅನ್ಸತ್ತೆ" ಎಂದರು. ಅದು ನಿಜವಾದ್ದರಿಂದ ಇನ್ನೂ ಸಿಟ್ಟು ಬಂತು.

ಇವರಿಗೆ ಹೇಳಿದರೆ, "ಮೋಟ್ರು ಅಂದ್ರೆ ಮೋಟ್ರೇ ಕಣೇ. ಒಂಬೈನೂರು ಅಡಿ ಆಳದಿಂದ ಎತ್ತಿರೋ ಮೋಟ್ರು ನೋಡಿದೀನಿ, ಇದೇನು ಮಹಾ" ಎನ್ನುತ್ತಾರೆ. ಕೆಟ್ಟವರಲ್ಲ ಅಸ್ಫಿಯಾ. ಹತ್ತು ವರ್ಷದಿಂದ ಪೈಪು ಹೊತ್ತ ಲಗೇಜ್ ಆಟೊದಲ್ಲಿ ಓಡಾಡಿದವರು. ಆ ಸ್ಟೀರಿಂಗ್ ಹಿಡಿದಾಗ ಅವರ ಮುಖ ನೋಡಿದರೆ, ಬೇಡ ಎನ್ನುವುದಕ್ಕೆ ನನಗೇ ಕಷ್ಟವಾಗುತ್ತದೆ. ನನಗೆ ಸಾಕ್ಷಿ ಬೇಕು. ಕಣ್ಣಿಗೆ ಕಾಣುವಂಥದ್ದು.

ಮಾಲಿನಿ

*

ಕುಣಿಗಲ್
10 ಡಿಸೆಂಬರ್ 2024

ಮಾಲಿನಿ,

ಹಳದಿ ದೀಪ ಡಿಸೈನ್ ಅಲ್ಲ, ದೋಷದ ಎಚ್ಚರಿಕೆ.

ಆ ಜಾತಿಯ ಗಾಡಿಗೆ ಸ್ಪ್ರಿಂಗ್ ಇರುವುದಿಲ್ಲ. ನಾಲ್ಕು ಚಕ್ರದ ಮೇಲೂ ರಬ್ಬರಿನ ಗಾಳಿಚೀಲ ಇರುತ್ತದೆ. ಹತ್ತು ವರ್ಷಕ್ಕೆ ರಬ್ಬರ್ ಬಿರುಕು ಬಿಡುತ್ತದೆ. ಒಂದು ಮೂಲೆಗೆ ಎಪ್ಪತ್ತು ಸಾವಿರ ಇಟ್ಟುಕೋ. ಚೀಲ ಸೋರಿದರೆ ಅದಕ್ಕೆ ಗಾಳಿ ತುಂಬುವ ಪಂಪು ಓಡಿ ಓಡಿ ಸುಟ್ಟುಹೋಗುತ್ತದೆ, ಅದಕ್ಕೆ ಇನ್ನೊಂದು ಎಪ್ಪತ್ತು. ಎಂಜಿನ್ನಿನ ಒಳಗಿನ ಚೈನು ಸಡಿಲವಾಗಿದ್ದರೆ ಗಾಡಿಯ ಮೈಯನ್ನೇ ಎತ್ತಿ ಪಕ್ಕಕ್ಕಿಟ್ಟು ಕೆಲಸ ಮಾಡಬೇಕು. "ಹಲ್ಲು ಕೀಳಕ್ಕೆ ತಲೆ ತೆಗ್ದಂಗೆ" ಎನ್ನುತ್ತಾರೆ ಮಾವ. ಅದಕ್ಕೆ ಎಷ್ಟಾಗುತ್ತದೆ ಎಂದು ನಿನಗೆ ಬರೆಯುವುದಿಲ್ಲ, ಈಗಲೇ ನಿದ್ದೆಯಿಲ್ಲ ಎನ್ನುತ್ತೀಯ. ಇಷ್ಟನ್ನೂ ಮಾಡಿಸಿದರೆ ಅದು ಒಳ್ಳೇ ಗಾಡಿಯೇ. ಮಾಡಿಸಲು ದುಡ್ಡಿದ್ದವರಿಗೆ.

ಸಾಕ್ಷಿ ಬೇಕೆಂದೆಯಲ್ಲ. ಒಂದು ರಾತ್ರಿ ಗಾಡಿಯನ್ನು ನಿಮ್ಮ ಮನೆಯಲ್ಲಿ ನಿಲ್ಲಿಸಿಕೊಳ್ಳಿ. ಸಂಜೆ, ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಎಷ್ಟು ಬೆರಳು ಸಂದಿದೆ ಎಂದು ನಾಲ್ಕೂ ಕಡೆ ಅಳೆ. ಎಣ್ಣೆ ಸೋರಿದರೆ ಗೊತ್ತಾಗಲು ಕೆಳಗೆ ರಟ್ಟು ಹಾಸು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮತ್ತೆ ಅಳೆ. ಗಾಡಿ ಕೂತಿದ್ದರೆ ಯಾರೂ ವಾದ ಮಾಡುವಂತಿಲ್ಲ.

ಅಸ್ಫಿಯಾ

*

ಉಪ್ಪಾರಹಳ್ಳಿ
23 ಡಿಸೆಂಬರ್ 2024

ಅಸ್ಫಿಯಾ,

ಗಾಡಿ ಕೂತಿತು. ಯಾರೂ ವಾದ ಮಾಡಲಿಲ್ಲ. ಆದರೆ ನಡೆದದ್ದು ನೀನು ಅಂದುಕೊಂಡಂತಲ್ಲ.

ಶನಿವಾರ ಸಂಜೆ ಗೇಟಿನೊಳಗೆ, ಮನೆ ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದರು. ಅಳೆದೆ. ನಾಲ್ಕೂ ಕಡೆ ಎಂಟೆಂಟು ಬೆರಳು. ಬೆಳಿಗ್ಗೆ ಆರಕ್ಕೆ ಅತ್ತೆ ರಂಗೋಲಿ ಹಾಕಲು ಬಾಗಿಲು ತೆಗೆದರು. ರಂಗೋಲಿ ಡಬ್ಬಿ ಬಿದ್ದ ಸದ್ದಿಗೆ ನಾನು ಮಗು ಎತ್ತಿಕೊಂಡು ಓಡಿದೆ. ಗಾಡಿಯ ಹಿಂಭಾಗ ಹಾಗೇ ಇದೆ, ಮುಂಭಾಗ ಪೂರ್ತಿ ನೆಲಕ್ಕೆ ಇಳಿದಿದೆ. ನಮ್ಮ ಬಾಗಿಲಿಗೆ ನೇರವಾಗಿ ದೇವರಮನೆ, ಅಲ್ಲಿ ಗುಬ್ಬಿ ಚನ್ನಬಸವೇಶ್ವರನ ಪಟ.

"ಶಿವನೇ! ಬಸವಣ್ಣ ಮಂಡಿ ಊರವ್ನೆ ಕಣೋ ಚನ್ನೇಶ!"

"ಅತ್ತೆ, ಗಾಳಿ ಹೋಗಿದೆ! ಎಂಟು ಬೆರಳಿಂದ ಎರಡು ಬೆರಳಿಗೆ ಬಂದಿದೆ!"

"ನಿಂತವ್ರು ನಮಸ್ಕಾರಕ್ಕೆ ಬಗ್ಗಿದ್ರೆ ಕಮ್ಮಿ ಆಗ್ದೆ ಏನಮ್ಮ ಆಯ್ತದೆ?"

ನಿನ್ನ ಕಾಗದ ತೋರಿಸಲು ಒಳಗೆ ಓಡಿದೆ. ಎದುರುಮನೆ ಸುಬ್ಬಲಕ್ಷ್ಮಮ್ಮ ತೆಂಗಿನಕಾಯಿ ತಂದರು. ಬಾನೆಟ್ಟಿಗೆ ವಿಭೂತಿ ಬಿತ್ತು, ಕುಂಕುಮ ಬಿತ್ತು, ಚೆಂಡುಹೂವಿನ ಹಾರ ಬಿತ್ತು. ರಟ್ಟಿನ ಮೇಲೆ ಅಂಗೈ ಅಗಲ ಎಣ್ಣೆ ಸೋರಿತ್ತು. ತೋರಿಸಿದರೆ, ಸುಬ್ಬಲಕ್ಷ್ಮಮ್ಮ ದೀಪದ ಎಣ್ಣೆ ಚೆಲ್ಲಿದ್ದಾರೆಂದು ಎಲ್ಲರೂ ಅವರನ್ನೇ ಬೈದರು. ಕೊನೆಗೆ ಇವರು ಸ್ಟಾರ್ಟ್ ಮಾಡಿದರು. ಗಾಡಿ ಬುಸ್ ಎನ್ನುತ್ತ ಮೆಲ್ಲಗೆ ತಲೆ ಎತ್ತಿತು. ಅತ್ತೆ, ಸುಬ್ಬಲಕ್ಷ್ಮಮ್ಮ ಕೈ ಮುಗಿದರು. ಇವರೂ ಒಂದು ಕ್ಷಣ ಮುಗಿದರು, ನಾನು ನೋಡಿದೆ.

ಸುದ್ದಿ ಗುಬ್ಬಿಗೆ ಮುಟ್ಟಿದ್ದು ಹತ್ತು ಗಂಟೆಗೆ. ಹತ್ತೂಕಾಲಿಗೆ ಅನಂತರಾಜು ಫೋನ್. "ಭಕ್ತಿ ಇರೋ ಗಾಡಿ ಚನ್ನೇಶಣ್ಣ, ಐವತ್ ಸಾವ್ರ ಜಾಸ್ತಿ ಆಯ್ತದೆ. ಸಂಕ್ರಾಂತಿವರ್ಗೂ ಅಲ್ಲೇ ಇರ್ಲಿ, ಹಬ್ಬ ಕಳುದ್ಮೇಲೆ ಆರ್‌ಸಿ ಟ್ರಾನ್ಸ್‌ಫರ್ ಮಾಡ್ಸಣ."

ದೋಷ ಹಿಡಿಯಲು ಹೋಗಿ ದೋಷಕ್ಕೇ ಐವತ್ತು ಸಾವಿರ ಬೆಲೆ ಕಟ್ಟಿಸಿದ್ದೇನೆ. ಈಗ ಏನು ಮಾಡಲಿ?

ಮಾಲಿನಿ

*

ಕುಣಿಗಲ್
28 ಡಿಸೆಂಬರ್ 2024

ಮಾಲಿನಿ,

ನಿನ್ನ ಕಾಗದ ಓದಿ ಹೇಳುವಾಗ ಮಾವ ಲಾರಿ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ನಗು ಹತ್ತಿ ಹೊರಗೆ ಬರಲಾಗಲಿಲ್ಲ. ತಾರಿಖ್ ಕಾಲು ಹಿಡಿದು ಎಳೆಯಬೇಕಾಯಿತು.

ತಾರಿಖ್ ನನ್ನ ಗಂಡ. ನೀನು ಕೇಳಿಲ್ಲ. ಮದುವೆ ಯಾವಾಗ ಆಯಿತು, ಹೇಗೆ ಆಯಿತು ಎಂದೂ ಕೇಳಿಲ್ಲ. ಸ್ಕೂಟರ್ ನಿಂತ ದಿನ ನಾನು ಹೋಗುತ್ತಿದ್ದ ಇಂಟರ್‌ವ್ಯೂ ಏನಾಯಿತು ಎಂದು ಆರು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ.

ಮಾವ ಮುಂದಿನ ತಿಂಗಳು ಸಾಮಾನು ತರಲು ತುಮಕೂರಿಗೆ ಬರುತ್ತಾರೆ, ನಿಮ್ಮ ಮನೆಗೂ ಬರುತ್ತಾರೆ. ಅಲ್ಲಿಯವರೆಗೆ ಆ ಗಾಡಿಯನ್ನು ಗೇಟಿಗೆ ಅಡ್ಡ ನಿಲ್ಲಿಸಬೇಡಿ. ಒಂದು ದಿನ ಅದು ಏಳುವುದಿಲ್ಲ.

ನಿಮ್ಮ ಅತ್ತೆಯ ತವರು ಯಾವೂರು? ಮಾವ ಕೇಳುತ್ತಿದ್ದಾರೆ.

ಅಸ್ಫಿಯಾ

*

ಉಪ್ಪಾರಹಳ್ಳಿ
17 ಜನವರಿ 2025

ಅಸ್ಫಿಯಾ,

ಮೊದಲು ಇದನ್ನು ಬರೆದುಬಿಡುತ್ತೇನೆ: ಮಗು ಹುಷಾರಾಗಿದ್ದಾಳೆ.

ನಿನ್ನ ಮಾತು ನಾನು ಹೇಳಿದೆ. ಆದರೆ ಗಾಡಿ ದೇವರಮನೆಗೇ ಮುಖ ಮಾಡಿ ನಿಲ್ಲಬೇಕೆಂದು ಅತ್ತೆ ಪಟ್ಟು ಹಿಡಿದರು. ಹಾಗೆ ನಿಲ್ಲಿಸಿದರೆ ಬೈಕಿಗೆ ಗೇಟಿನಲ್ಲಿ ದಾರಿಯಿಲ್ಲ. ಎಂಟನೇ ತಾರೀಕು ಬೆಳಗಿನ ಜಾವ ಪಾಪುವಿನ ಎದೆ ಸೀಟಿ ಹೊಡೆಯತೊಡಗಿತು. ಪಕ್ಕೆ ಒಳಗೆ ಎಳೆಯುತ್ತಿತ್ತು. ಇವರು ಕೀ ಒತ್ತಿದರು. ಗಾಡಿಯ ಬಾಗಿಲೇ ತೆರೆಯಲಿಲ್ಲ. ಸೋರುವ ಚೀಲಕ್ಕೆ ಗಾಳಿ ತುಂಬಿ ತುಂಬಿ ಬ್ಯಾಟರಿ ಪೂರ್ತಿ ಸತ್ತಿತ್ತು. ಒಂಬೈನೂರು ಅಡಿಯಿಂದ ಮೋಟರ್ ಎತ್ತಿದ ಮನುಷ್ಯ ಆ ಹಾರ ಹಾಕಿದ ಬಾನೆಟ್ಟನ್ನು ಗುದ್ದುತ್ತ, "ತೆಗಿಯೋ, ತೆಗಿಯೋ" ಎನ್ನುತ್ತಿದ್ದರು. ಬೈಕು ಗಾಡಿಗೂ ಮನೆಗೂ ನಡುವೆ ಸಿಕ್ಕಿಕೊಂಡಿತ್ತು. ಗೇಟಿನ ಸಂದಿಯಲ್ಲಿ ಮಗುವಿನೊಡನೆ ತೂರಲು ಆಗುವಂತಿರಲಿಲ್ಲ. ನಾನು ಕಾಯಲಿಲ್ಲ. ಮಗುವನ್ನು ಎದೆಗೆ ಕಟ್ಟಿಕೊಂಡು ಕಾಂಪೌಂಡ್ ಹತ್ತಿ ಆಚೆಗೆ ಧುಮುಕಿದೆ. ಹೇಗೆ ಧುಮುಕಿದೆನೋ ಗೊತ್ತಿಲ್ಲ.

ತರಕಾರಿ ಮಂಡಿಗೆ ಹೊರಟಿದ್ದ ಕದರಯ್ಯನ ಲಗೇಜ್ ಆಟೊ ಸಿಕ್ಕಿತು. ಒಂದೇ ಕಿಕ್ಕಿಗೆ ಸ್ಟಾರ್ಟ್. ಹಿಂದೆ ಅವರೆಕಾಯಿ ಮೂಟೆಗಳ ನಡುವೆ ಕೂತೆ. "ಹೆದರ್ಬ್ಯಾಡ ಕಣವ್ವ, ಈ ನನ್ಮಗಂದು ಸದ್ದು ಜಾಸ್ತಿ, ಆದ್ರೆ ಯಾವತ್ತೂ ಕೈ ಕೊಟ್ಟಿಲ್ಲ" ಎಂದ ಕದರಯ್ಯ. ಆಸ್ಪತ್ರೆಯಲ್ಲಿ ನೆಬುಲೈಸರ್ ಇಟ್ಟು ಅರ್ಧ ಗಂಟೆಗೆ ಸರಿಹೋಯಿತು. ಓಡಿ ಬಂದ ಇವರು ನನ್ನ ಪಕ್ಕದಲ್ಲಿ ಕೂತು, ನನ್ನ ಕೂದಲಿನಲ್ಲಿದ್ದ ಅವರೆ ಎಲೆಗಳನ್ನು ಒಂದೊಂದಾಗಿ ತೆಗೆದರು.

ಆದರೂ ಅತ್ತೆ ಒಪ್ಪಲಿಲ್ಲ. "ಹರಕೆ ತೀರ್ಸಿಲ್ಲ, ಅದ್ಕೆ ಮುನಿಸ್ಕಂಡದೆ" ಎಂದರು.

ಹನ್ನೊಂದನೇ ತಾರೀಕು ನಿಮ್ಮ ಮಾವ ಬಂದರು. ಅತ್ತೆಯ ತವರಿನ ಬಗ್ಗೆ ನಾನು ಹಾಕಿದ್ದ ಕಾರ್ಡು ಅವರಿಗೆ ಮುಟ್ಟಿತ್ತು. ಗಾಡಿಯ ಕಡೆ ತಿರುಗಿಯೂ ನೋಡದೆ ಜಗುಲಿಯ ಮೇಲೆ ಕೂತು ಕಾಫಿ ಕುಡಿದರು.

"ಅಮ್ಮಾ, ತವ್ರು ಹಾಗಲವಾಡಿ ಅಂತೆ. ಎತ್ತಿನ ವಿಷ್ಯ ನಿಮ್ಗೆ ಚೆನ್ನಾಗ್ ಗೊತ್ತಿರ್ಬೇಕು. ನಿಮ್ ತಂದೆಯೋರು ಎತ್ತು ತಗೊಳುವಾಗ ಏನೇನ್ ನೋಡೋರು?"

ಅತ್ತೆಯ ಮುಖ ಅರಳಿತು. "ಅಯ್ಯೋ ಸಾಬ್ರೇ, ನಮ್ಮಪ್ಪಂಗೆ ಸುಮ್ನೆ ಒಪ್ಗೆ ಆಯ್ತಿರ್ಲಿಲ್ಲ. ಹಲ್ಲು ನೋಡೋರು, ಸುಳಿ ನೋಡೋರು, ನಡ್ಸಿ ಗೊರಸು ನೋಡೋರು. ಕೊನೀಗೆ ನೊಗ ಹೂಡೋರು. ಎಷ್ಟೇ ಚೆಂದ ಇರ್ಲಿ, ನೊಗ ಇಟ್ಟಾಗ ಕೂತ್ಕಂತು ಅಂದ್ರೆ ಹಗ್ಗ ಬಿಚ್ಚಿ ವಾಪಸ್..."

ಅಲ್ಲಿಗೆ ನಿಲ್ಲಿಸಿದರು. ಅಂಗಳದಲ್ಲಿ ಮೂತಿ ನೆಲಕ್ಕೂರಿ ಕೂತಿದ್ದ ಗಾಡಿಯನ್ನು ನೋಡಿದರು. ಹಬೀಬ್ ಸಾಬ್ ಕಾಫಿ ಲೋಟದೊಳಗೆ ನೋಡುತ್ತಿದ್ದರು.

"ಚನ್ನೇಶ," ಎಂದರು ಅತ್ತೆ, "ಆ ಹಾರ ತೆಗೆದು ತೊಳುದ್ಬುಡ್ಲಾ. ಬಸವಣ್ಣ ಅಲ್ಲ ಇದು. ಕೂರೋ ಎತ್ತು."

ಮಧ್ಯಾಹ್ನ ಅನಂತರಾಜು ಬಂದಾಗ ಸಾಬ್ರು ಬಿಳಿ ಹಾಳೆ, ಪೆನ್ನು ಮುಂದಿಟ್ಟರು. "ಏನೇನ್ ರೋಗ ಐತೆ ಬರ್ಕೊಡಿ ಸ್ವಾಮಿ. ರೇಟ್ ಆಮೇಲ್ ಮಾತಾಡಣ." ಅವರು "ಏನೂ ಇಲ್ಲ" ಎಂದು ಬರೆದರು. "ಸಂತೋಷ. ಕೆಳ್ಗೆ ಸೈನ್ ಹಾಕಿ." ಪೆನ್ನಿನ ತಲೆ ನಾಲ್ಕು ಸಲ ಟಿಕ್ ಟಿಕ್ ಎಂದಿತು. ಆಮೇಲೆ ಅನಂತರಾಜು ಅವರಿಗೆ ಗುಬ್ಬಿಯಲ್ಲಿ ತುರ್ತು ಕೆಲಸ ನೆನಪಾಯಿತು. ಬೇರೆ ಬ್ಯಾಟರಿಯಿಂದ ವೈರು ಕೊಟ್ಟು ಎಬ್ಬಿಸಿ ಕಳಿಸಿದೆವು. ಇವರು ತಿರುವಿನವರೆಗೂ ಅದನ್ನೇ ನೋಡುತ್ತ ನಿಂತಿದ್ದರು, ಪಾಪ.

ಆ ಟಿಕ್ ಟಿಕ್ ಸದ್ದು ನನ್ನ ಕಿವಿಯಿಂದ ಹೋಗುತ್ತಿಲ್ಲ.

ಮಾಲಿನಿ

*

ಕುಣಿಗಲ್
29 ಜನವರಿ 2025

ಮಾಲಿನಿ,

ನೀನು ಕಾಂಪೌಂಡ್ ಹಾರಿದ ಭಾಗವನ್ನು ಎರಡು ಸಲ ಓದಿದೆ. ಕಾಲೇಜಿನಲ್ಲಿ ನಿನಗೆ ಹೈಜಂಪ್ ಬರುತ್ತಿರಲಿಲ್ಲ.

ನಮ್ಮಲ್ಲಿ ಒಂದು ಸಣ್ಣ ಕಾರು ಮಾರಾಟಕ್ಕಿದೆ. ಏಳು ವರ್ಷ ಹಳೆಯದು, ಬೂದು ಬಣ್ಣ, ನೋಡಿದವರು ಯಾರೂ ತಿರುಗಿ ನೋಡುವುದಿಲ್ಲ. ಯಾವ ಹೊತ್ತಿನಲ್ಲಾದರೂ ಸ್ಟಾರ್ಟ್ ಆಗುತ್ತದೆ. ಉಳಿದ ದುಡ್ಡು ನಿಮ್ಮ ಬ್ಯಾಂಕಿನಲ್ಲೇ ಇರಲಿ. ಮಾರುವವರು ರೋಗದ ಚೀಟಿ ಬರೆದು ಕೊಡುತ್ತಾರೆ.

ಆದರೆ ಅದಕ್ಕೂ ಮೊದಲು ನಿನ್ನಿಂದ ನನಗೊಂದು ಚೀಟಿ ಬರಬೇಕು. ಯಾವುದೆಂದು ನಿನಗೆ ಗೊತ್ತು.

ಅಸ್ಫಿಯಾ

*

ಉಪ್ಪಾರಹಳ್ಳಿ
6 ಫೆಬ್ರವರಿ 2025

ರೋಗದ ಚೀಟಿ

ಗಾಡಿ: ನೀಲಿ ಸ್ಕೂಟರ್. ಮಾರಿದ್ದು ಜೂನ್ 2018ರಲ್ಲಿ, ಅಸ್ಫಿಯಾಳಿಗೆ, ಅವಳು ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿಗೆ.

ಒಂದು. ಹದಿನೈದು ಕಿಲೋಮೀಟರ್ ಓಡಿದರೆ ಎಂಜಿನ್ ಬಿಸಿಯಾಗಿ ನಿಲ್ಲುತ್ತದೆ. ಮಾರುವ ಮೊದಲೇ ನನಗೆ ಗೊತ್ತಿತ್ತು. ಗುಬ್ಬಿ ರಸ್ತೆಯಲ್ಲಿ ಎರಡು ಸಲ ನಿಂತಿತ್ತು.

ಎರಡು. ನೀನು ಓಡಿಸಿ ನೋಡುತ್ತೇನೆ ಎಂದಾಗ ಕಾಲೇಜಿನಿಂದ ಬಸ್‌ಸ್ಟ್ಯಾಂಡಿನವರೆಗೆ ಮಾತ್ರ ಕೊಟ್ಟೆ. ಅದು ಎರಡು ಕಿಲೋಮೀಟರ್ ಎಂಬ ಕಾರಣಕ್ಕೆ.

ಮೂರು. "ಚಿನ್ನದಂಥ ಗಾಡಿ ಕಣೇ, ಕಣ್ಮುಚ್ಕೊಂಡ್ ತಗೋ" ಎಂದೆ. ಇವೇ ಮಾತುಗಳು.

ನಾಲ್ಕು. ಹೆಬ್ಬೂರಿನ ಹತ್ತಿರ ಗಾಡಿ ನಿಂತಾಗ ನೀನು ಮೂರು ಸಲ ಫೋನ್ ಮಾಡಿದೆ. ಸೈಲೆಂಟಿನಲ್ಲಿತ್ತು ಎಂದು ಮರುದಿನ ಹೇಳಿದೆ. ಇರಲಿಲ್ಲ. ಕೈಯಲ್ಲೇ ಇತ್ತು. ನಿನ್ನ ಹೆಸರು ನೋಡುತ್ತ ಕೂತಿದ್ದೆ.

ಐದು. ಇಂಟರ್‌ವ್ಯೂ ಏನಾಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ಮೇಲಿನ ನಾಲ್ಕನ್ನೂ ಹೇಳಬೇಕಾಗುತ್ತಿತ್ತು. ಈಗ ಕೇಳುತ್ತಿದ್ದೇನೆ. ಏನಾಯಿತು ಅಸ್ಫಿಯಾ?

ಸಹಿ,
ಮಾಲಿನಿ

ಇದನ್ನು ಬರೆದು ಮಗುವಿನ ಪಕ್ಕ ಹಾಗೇ ಒರಗಿದೆ. ಅತ್ತೆ ಬಂದು ಎಬ್ಬಿಸಿದಾಗ ನಾಲ್ಕು ಗಂಟೆ ಕಳೆದಿತ್ತು.

*

ಕುಣಿಗಲ್
15 ಫೆಬ್ರವರಿ 2025

ಮಾಲಿನಿ,

ಕುಣಿಗಲ್ಲಿನ ಶಾಲೆಯವರು ಹನ್ನೊಂದು ಗಂಟೆಗೆ ಕರೆದಿದ್ದರು. ಶಾಲೆ ಮುಟ್ಟಿದಾಗ ಎರಡು. ಕೆಲಸ ಬೇರೆಯವರಿಗೆ ಹೋಗಿತ್ತು. ಸ್ಕೂಟರ್ ತಳ್ಳುತ್ತಿದ್ದ ನನ್ನನ್ನು ಹೆಬ್ಬೂರಿನಿಂದ ಗ್ಯಾರೇಜಿಗೆ ಕರೆತಂದವನು ತಾರಿಖ್. ಶಾಲೆಯಿಂದ ವಾಪಸ್ ಬಂದು ಒಂದು ಟೈರಿನ ಮೇಲೆ ಕೂತು ಅಳುತ್ತಿದ್ದೆ. ಮಾವ ಟೀ ತರಿಸಿ ಕೊಟ್ಟು, "ಅಳೋದು ಮುಗುದ್ಮೇಲೆ ಈ ಸ್ಕ್ಯಾನರಿಂದು ಇಂಗ್ಲಿಷ್ ಬುಕ್ ಓದಿ ಹೇಳಮ್ಮ, ನಮ್ಗೆ ತಿಳೀತಿಲ್ಲ" ಎಂದರು. ಇವತ್ತಿಗೂ ಓದಿ ಹೇಳುತ್ತಿದ್ದೇನೆ. ಅಂದರೆ ನಿನ್ನ ಕೆಟ್ಟ ಗಾಡಿಯಿಂದ ನನಗೆ ಕೆಲಸವೂ ಸಿಕ್ಕಿತು, ಗಂಡನೂ ಸಿಕ್ಕಿದ. ಇದಕ್ಕೆ ನಿನ್ನನ್ನು ಕ್ಷಮಿಸಬೇಕೋ ಇನ್ನೊಂದು ದೂರು ಸೇರಿಸಬೇಕೋ, ತಾರಿಖ್ ಗೊರಕೆ ಹೊಡೆಯುವಾಗ ಯೋಚಿಸುತ್ತೇನೆ.

ಕಾರನ್ನೂ ಈ ಕಾಗದವನ್ನೂ ಮಾವ ಇವತ್ತು ತರುತ್ತಿದ್ದಾರೆ. ಅದರ ಚೀಟಿ ಇಲ್ಲಿದೆ.

ಹಿಂದಿನ ಎಡ ಕಿಟಕಿ ಅರ್ಧಕ್ಕೆ ನಿಲ್ಲುತ್ತದೆ, ಕೈಯಿಂದ ಎತ್ತಬೇಕು. ಎ.ಸಿ. ಹಾಕಿದರೆ ಮೊದಲು ಎರಡು ನಿಮಿಷ ಒದ್ದೆ ಬಟ್ಟೆಯ ವಾಸನೆ. ಸೀಟಿನ ಮೇಲೆ ನನ್ನ ಮಗಳು ಜೈಬಾ ಕ್ರೇಯಾನಿನಲ್ಲಿ ಬರೆದ ಮೀನು ಇದೆ, ಹೋಗುವುದಿಲ್ಲ. ಹಾರ್ನ್ ಸಣ್ಣದು, ಎಮ್ಮೆಗಳು ಲೆಕ್ಕಕ್ಕಿಡುವುದಿಲ್ಲ. ಬ್ಯಾಟರಿ ಹೋದ ತಿಂಗಳಷ್ಟೇ ಹೊಸದು ಹಾಕಿಸಿದ್ದೇನೆ. ಹೂಂ, ಕಾರು ನನ್ನದೇ. ಬೇರೆ ಯಾರ ಚೀಟಿಯನ್ನೂ ನಿನ್ನ ಮಗುವಿನ ವಿಷಯದಲ್ಲಿ ನಂಬಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದೇ ಬಾಕಿ. ಯಾವ ಹೊತ್ತಿನಲ್ಲಾದರೂ ಸರಿ, ಕಾರು ಸ್ಟಾರ್ಟ್ ಆಗದಿದ್ದರೆ ಫೋನ್ ಮಾಡು. ನಿನ್ನ ನಂಬರ್ ಬ್ಲಾಕಿನಿಂದ ತೆಗೆದಿದ್ದೇನೆ.

ಸ್ಟಾರ್ಟ್ ಆದರೂ ಮಾಡು.

ಸಹಿ,
ಅಸ್ಫಿಯಾ